ಒಬ್ಬರು ಬೇಡವೆಂದರೆ ಬೇಡ

ನಮ್ಮ ಓದುಗರ ಕೂಟಕ್ಕೆ ಅಧ್ಯಕ್ಷರಿರಲಿಲ್ಲ. ಇದ್ದದ್ದೇ ಐದು ಜನ, ಎಲ್ಲರೂ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಯೂರಿದ ಮನೆಗಳವರು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಮಲ್ಕಾಜ್‌ಗಿರಿಯಲ್ಲಿದ್ದ ಗೆಳತಿಯ ಮನೆಯಲ್ಲಿ ಸೇರಿ ವೈಜ್ಞಾನಿಕ ಕಾದಂಬರಿಗಳನ್ನು ಚರ್ಚಿಸುತ್ತಿದ್ದೆವು. ರಾಕೆಟ್ಟು, ಯಂತ್ರಮಾನವರು ಎಲ್ಲ ನೆಪ. ಆ ಲೋಕಗಳಲ್ಲಿ ಆಳುವವರು ಯಾರು, ಆಳಿಸಿಕೊಳ್ಳುವವರು ಯಾಕೆ ಸುಮ್ಮನಿರುತ್ತಾರೆ ಎಂಬುದೇ ನಮ್ಮ ಜಗಳ. ಗೆಳತಿ ರೈಲ್ವೆ ಕಚೇರಿಯಿಂದ ನಿವೃತ್ತಳಾದವಳು. ಕೂಟ ಕಟ್ಟಿದವಳೂ ಆಕೆಯೇ. ನಾನು ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹಿಡಿದು, ಸಿಕಂದರಾಬಾದಿನಲ್ಲಿ ಇಳಿದು, ಆಟೊ ಮಾಡಿಕೊಂಡು ಹೋಗುತ್ತಿದ್ದೆ.

ಒಂದು ಕಾದಂಬರಿಯಲ್ಲಿ ಸರ್ಕಾರವೇ ಇಲ್ಲದ ಗ್ರಹವಿತ್ತು. ಅಲ್ಲಿ ಎಲ್ಲರೂ ಒಪ್ಪಿದರಷ್ಟೇ ಕೆಲಸ. ಒಬ್ಬರು ಬೇಡವೆಂದರೂ ಅದು ಅಲ್ಲಿಗೇ ನಿಲ್ಲುತ್ತಿತ್ತು. ಗೆಳತಿ ಆ ನಿಯಮವನ್ನು ನಮ್ಮ ಕೂಟಕ್ಕೂ ತಂದಳು. ಮುಂದಿನ ಪುಸ್ತಕ ಯಾವುದು, ಚಹಾದ ಜೊತೆ ಮಿರ್ಚಿ ಭಜಿಯೋ ಮಂಡಕ್ಕಿ ಸೂಸಲಾವೋ, ಎಲ್ಲಕ್ಕೂ ಅದೇ. ಒಬ್ಬರ ಹಟಕ್ಕೆ ಐವರೂ ಬರೀ ಚಹಾ ಕುಡಿದು ಎದ್ದದ್ದೂ ಉಂಟು.

ಆಮೇಲೆ ಸಿಕಂದರಾಬಾದಿನ ಒಂದು ಕನ್ನಡ ಸಂಘದವರು ನಮಗೆ ತಮ್ಮ ಸಭಾಂಗಣ ಕೊಡುತ್ತೇವೆಂದರು. ಆದರೆ ನಮಗೊಬ್ಬ ಅಧ್ಯಕ್ಷರಿರಬೇಕು, ಹಾಜರಿ ಪುಸ್ತಕ ಇಡಬೇಕು. ನಾನು ಬೇಡವೆಂದೆ. ಅಧ್ಯಕ್ಷರು ಬಂದರೆ ಅವರ ಹಿಂದೆಯೇ ಶಾಲು, ಹಾರ, ವಂದನಾರ್ಪಣೆ ಎಲ್ಲ ಬರುತ್ತವೆ ಎಂದು ಅಣಕಿಸಿದೆ. ಉಳಿದವರು ಗೆಳತಿಯ ಮುಖ ನೋಡಿದರು.

“ಆತ್ ಬಿಡ್ರಿ,” ಅಂದಳು ಆಕೆ. “ಒಬ್ರು ಬ್ಯಾಡ ಅಂದ್ರ ಬ್ಯಾಡ.”

ಪುಸ್ತಕದಲ್ಲಿ ಓದಿದ್ದನ್ನು ಬದುಕಿನಲ್ಲೂ ನಡೆಸುವವರಿದ್ದಾರಲ್ಲ ಎಂದು ನಾನು ಉಬ್ಬಿಹೋದೆ.

ಮುಂದಿನ ಸಭೆಯ ಹಿಂದಿನ ದಿನ ಆಕೆಯ ಫೋನ್ ಬಂತು. “ಮಣಕಾಲ ಭಾಳ ನೋಯಾಕತ್ತಾವ್ರಿ, ಈ ಸಲ ಕೂಡೋದು ಬ್ಯಾಡ.” ಅದರ ಮುಂದಿನ ಸಲವೂ ಅದೇ ಮಾತು. ಮೂರನೆಯ ಸಲ ಪಾಪ ಅನ್ನಿಸಿ, ನೋವಿನ ಎಣ್ಣೆ ಕೊಂಡು, ಹೇಳದೆಯೇ ಆಕೆಯ ಮನೆಗೆ ಹೋದೆ. ಬೀಗ ಹಾಕಿತ್ತು. ಭಾನುವಾರ ಅವರು ಕನ್ನಡ ಸಂಘದಲ್ಲಿರುತ್ತಾರಲ್ಲ, ನಿಮಗೆ ಗೊತ್ತಿಲ್ಲವೇ ಎಂದು ಪಕ್ಕದ ಮನೆಯಾಕೆ ತೆಲುಗಿನಲ್ಲಿ ಕೇಳಿದಳು.

ಅದೇ ಆಟೊದಲ್ಲಿ ಸಂಘಕ್ಕೆ ಹೋದೆ. ಸಭಾಂಗಣದಲ್ಲಿ ನಮ್ಮ ಮೂವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಗೆಳತಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಆ ಗ್ರಹದಲ್ಲಿ ಒಬ್ಬರ ಮಾತನ್ನೂ ತಳ್ಳಿಹಾಕುವುದಿಲ್ಲ ಎಂದು ಹೊಸಬರಿಗೆ ವಿವರಿಸುತ್ತಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನನ್ನು ಕಂಡದ್ದೇ ಆಕೆ ಸರಸರ ಎದ್ದು ಹೊರಗೆ ಬಂದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ.

“ನನಗ್ಯಾಕ ಹೇಳಲಿಲ್ರಿ?” ಅಂದೆ.

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ನಿಯಮ ಮುರಿಯೋದು ನಮಗೂ ಬ್ಯಾಡಾಗಿತ್ತು. ಅದಕ್ಕ ನಿಮ್ಮನ್ನ ಕೇಳಲೇ ಇಲ್ಲ.”

ನಾನು ಸ್ಟೇಷನ್ನಿಗೆ ನಡೆದೆ. ಅವತ್ತು ಬೆಳಿಗ್ಗೆ ರೈಲಿನಲ್ಲಿ ನಾನೇ ತೀರ್ಮಾನಿಸಿದ್ದೆ: ನೋವಿನ ಕಾಲಲ್ಲಿ ನಿಂತು ನಮಗೆಲ್ಲ ಭಜಿ ಕರಿಯುವ ಕಷ್ಟ ಆಕೆಗೆ ಬೇಡ, ಸಂಘವೇ ಆಗಲಿ, ಅಧ್ಯಕ್ಷಳೂ ಆಕೆಯೇ ಆಗಲಿ. ಹೂಂ ಅನ್ನಲೆಂದೇ ಅಷ್ಟು ದೂರ ಹೋಗಿದ್ದೆ. ನಾನು ಬೇಡ ಅನ್ನುತ್ತಿದ್ದೆನೆಂದೇ ಆಕೆ ಇವತ್ತಿಗೂ ತಿಳಿದಿದ್ದಾಳೆ.