ತೂಗಿ ಉಣ್ಣುತ್ತಿದ್ದ ತೌಸೀಫ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಜಗದೇವಪ್ಪನ ಗೊಬ್ಬರದಂಗಡಿಯ ಮೇಲಿರುವ ಜಿಮ್ಮಿಗೆ ತೌಸೀಫನೇ ಮಾಸ್ತರ, ತೌಸೀಫನೇ ಜಾಹೀರಾತು. ಮೂವತ್ತಮೂರು ವರ್ಷದ ಅವನ ಹೊಟ್ಟೆಯ ಮೇಲಿನ ಗೆರೆಗಳನ್ನು ನೋಡಿಯೇ ಜನ ಹೆಸರು ಹಚ್ಚುತ್ತಿದ್ದರು. ಆ ಗೆರೆ ಉಳಿಸಿಕೊಳ್ಳುವುದರಲ್ಲೇ ಅವನ ಏಳು ವರ್ಷ ಸವೆದಿದ್ದವು.

ಮೊದಲು ಅಡುಗೆಯ ಎಣ್ಣೆ ಬಿಟ್ಟ. ಆಮೇಲೆ ಅನ್ನ, ಆಮೇಲೆ ಜೋಳದ ರೊಟ್ಟಿ. ಕೊನೆಗೆ ಉಳಿದದ್ದು ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ, ಸೌತೆಕಾಯಿ. ಅದನ್ನೂ ಸಣ್ಣ ತಕ್ಕಡಿಯಲ್ಲಿ ತೂಗಿಯೇ ಬಾಯಿಗಿಡುತ್ತಿದ್ದ. ಮದುವೆಮನೆಗಳಲ್ಲಿ ಹೊಟ್ಟೆ ಕೆಟ್ಟಿದೆ ಎನ್ನುವುದು ರೂಢಿಯಾಗಿತ್ತು. ಹೆಂಡತಿಯ ತವರು ಮಣ್ಣೂರಿನಲ್ಲಿ ಅತ್ತೆ ಕುಲಸುಮಬಿ ಬಡಿಸಲು ಬಂದರೆ, ಈಗಷ್ಟೇ ಉಂಡು ಬಂದೆ ಎನ್ನುತ್ತಿದ್ದ. ಎಲ್ಲಾದರೂ ಒಂದು ತುತ್ತು ಹೆಚ್ಚಾಯಿತೋ, ಮರುದಿನ ಕಾಲು ಸೋಲುವ ತನಕ ಓಡಬೇಕು. ಶಿಕ್ಷೆ ಹಾಕುವವನೂ ಅವನೇ.

ರಂಜಾನ್ ತಿಂಗಳು ಬಂದರೆ ಅವನಿಗೆ ಹಗುರವೆನಿಸುತ್ತಿತ್ತು. ಓಣಿಯೆಲ್ಲ ಉಪವಾಸವಿರುವಾಗ ಉಣ್ಣದವನನ್ನು ಯಾರು ಕೇಳಬೇಕು? ಸಂಜೆ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಜಿಮ್ಮಿಗೆ ನಡೆದುಬಿಡುತ್ತಿದ್ದ. ಹೆಂಡತಿ ತಬಸ್ಸುಮ ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು. ದಿಂಬಿನ ತುಂಬ ಅವನ ಕೂದಲು. ಮಾರ್ಚಿನ ಸೆಖೆಯಲ್ಲೂ ಅವನ ಮೈಮೇಲೆ ಚಾದರ.

“ಮಂದಿ ಅಲ್ಲಾನ ಸಲುವಾಗಿ ಉಪಾಸ ಇರ್ತಾರ,” ಎಂದು ಒಂದು ದಿನ ಕೇಳಿದಳು. “ನೀವು ಯಾರ ಸಲುವಾಗಿ ಇರ್ತೀರಿ?”

ಅವನು ಜಿಮ್ಮಿನ ಕೀಲಿ ತೆಗೆದುಕೊಂಡು ಹೊರಬಿದ್ದ.

ಹಬ್ಬದ ದಿನ ನಮಾಜು ಮುಗಿಸಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲು, ಶಾವಿಗೆ, ಗೋಡಂಬಿ ಹಾಕಿ ಕುದಿಸಿದ ಸುರಕುಂಬಾ ಇತ್ತು. ಒಂದೇ ಚಮಚ ಎಂದುಕೊಂಡ. ಕೈ ನಿಂತದ್ದು ಪಾತ್ರೆಯ ತಳ ಕಂಡಮೇಲೆ. ನೆಂಟರಿಗೆಂದು ಮಾಡಿಟ್ಟದ್ದನ್ನೆಲ್ಲ ನಿಂತಲ್ಲೇ ತಿಂದಿದ್ದ. ರುಚಿ ಮಾತ್ರ ನೆನಪಿರಲಿಲ್ಲ. ನಾಚಿಕೆ ತಡೆಯಲಾರದೆ ಹೊಸ ಅಂಗಿಯಲ್ಲೇ ಹೋಗಿ, ಜಿಮ್ಮಿನ ಶಟರ್ ಎತ್ತಿ ಟ್ರೆಡ್‌ಮಿಲ್ ಹತ್ತಿದ.

ಕೆಳಗೆ ಅಂಗಡಿಯಲ್ಲಿ ಕೂತಿದ್ದ ಜಗದೇವಪ್ಪನಿಗೆ ಎರಡು ತಾಸು ನೆತ್ತಿಯ ಮೇಲೆ ಒಂದೇ ಸಮನೆ ಓಟದ ಸದ್ದು. ಆಮೇಲೆ ಏನೋ ದೊಪ್ಪನೆ ಬಿತ್ತು. ಮುದುಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರೆ ತೌಸೀಫ ನೆಲದ ಮೇಲಿದ್ದ, ತುಟಿ ಕಪ್ಪಿಟ್ಟಿತ್ತು.

“ಹಬ್ಬದ ದಿನ ಇದೇನು ಮಾಡಿಕೊಂಡ್ಯೋ ತಮ್ಮಾ,” ಎನ್ನುತ್ತ ಮುಖಕ್ಕೆ ನೀರು ಚಿಮುಕಿಸಿ, ಆಟೋ ಕರೆಸಿ ಆಸ್ಪತ್ರೆಗೆ ಒಯ್ದ.

ಡಾಕ್ಟರ್ ರಾಧಿಕಾ ಪರೀಕ್ಷೆ ಮಾಡಿ, ಸುದ್ದಿ ಕೇಳಿ ಓಡಿಬಂದ ತಬಸ್ಸುಮಳಿಂದ ಅವನ ಊಟದ ರೀತಿ ತಿಳಿದುಕೊಂಡು, ಇದು ಎಷ್ಟು ವರ್ಷದಿಂದ ನಡೆದಿದೆ ಎಂದು ಕೇಳಿದರು.

“ಯಾವದು ರೀ? ಮಂದಿಗೆ ಹ್ಯಾಂಗ ಉಣಬೇಕಂತ ಹೇಳಿಕೊಡಾಂವ ನಾನು.”

“ಅದಕ್ಕ ಕೇಳಾಕತ್ತೇನಿ. ಇದು ಶಿಸ್ತು ಅಲ್ರಿ, ಬ್ಯಾನಿ ಅದ. ಕಲಬುರಗಿಗೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಸ್ರಿ.”

ಅವನು ತಬಸ್ಸುಮಳ ಕಡೆ ನೋಡಿದ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. “ಹೋಗೂಣು,” ಎಂದಳಷ್ಟೇ. ಅವಳೂ ದಣಿದಿದ್ದಳು.

ಹದಿನೈದು ದಿನಕ್ಕೊಮ್ಮೆ ಇಬ್ಬರೂ ಕಲಬುರಗಿ ಬಸ್ಸು ಹತ್ತತೊಡಗಿದರು. ಜಿಮ್ಮಿನ ಗೋಡೆಯ ಮೇಲಿದ್ದ ಊಟದ ಪಟ್ಟಿಯನ್ನು ತೌಸೀಫ ತಾನೇ ಹರಿದು ಹಾಕಿದ. ಯಾಕೆ ಎಂದು ಎಲ್ಲರೆದುರು ಹೇಳಿಯೂಬಿಟ್ಟ. ಕೆಲವರು ನಕ್ಕರು, ಐದಾರು ಮಂದಿ ಬೇರೆ ಜಿಮ್ಮಿಗೆ ಹೋದರು. ಎಲ್ಲರೂ ಹೋದಮೇಲೆ ಬ್ಯಾಂಕಿನ ಗುಮಾಸ್ತ ಸತೀಶಕುಮಾರ ಹತ್ತಿರ ಬಂದ.

“ಸರ, ಉಂಡದ್ದೆಲ್ಲ ಬಾಯಾಗ ಬೆರಳು ಹಾಕಿ ಕಾರಕೊಳ್ತೇನ್ರಿ. ನಿಮ್ಮಂಗ ಆಗಬೇಕಂತ.”

ತೌಸೀಫ ಅವನ ಪಕ್ಕ ಬೆಂಚಿನ ಮೇಲೆ ಕೂತ. ಕಲಬುರಗಿಯ ಡಾಕ್ಟರ ವಿಷಯ ಹೇಳಿದ. ಮುಂದಿನ ಸಲ ಬಸ್ಸಿಗೆ ಮೂವರಾದರು.

ಪೂರ್ತಿ ವಾಸಿಯಾಗಿದೆ ಎಂದು ಅವನು ಯಾರಿಗೂ ಹೇಳುವುದಿಲ್ಲ. ಒಂದೊಂದು ದಿನ ತಾಟು ಖಾಲಿಯಾಗುತ್ತದೆ, ಒಂದೊಂದು ದಿನ ಅರ್ಧಕ್ಕೇ ಕೈ ನಿಲ್ಲುತ್ತದೆ. ಆಗ ತಬಸ್ಸುಮ ಉಣ್ಣಿರೆಂದು ಒತ್ತಾಯಿಸುವುದಿಲ್ಲ. ತಾನೂ ಏಳದೆ ಅವನೆದುರು ಕೂತಿರುತ್ತಾಳೆ.