ಆಟಿ ಪಾಯಸದಲ್ಲಿ ನಾನು ಬಿಟ್ಟ ಮಾತು

ಹಂದಿಕರಿಗೆ ಹೆಸರಾದ ಕೊಡಗಿನಲ್ಲಿ ಕೂತು ಸೊಪ್ಪು ತರಕಾರಿಯ ಬ್ಲಾಗ್ ಬರೆಯುತ್ತೇನೆ ಎಂದಾಗ ನೆಂಟರು ನಗದೆ ಇರುತ್ತಾರೆಯೇ? "ಹುಲಿ ಹುಲ್ಲು ತಿಂಬಕೆ ಶುರು ಮಾಡ್ತ್" ಎಂದರು ನನ್ನ ಮೈದುನ. ಅವರ ಅಣ್ಣನ, ಅಂದರೆ ನನ್ನ ಗಂಡನ, ರಕ್ತದ ವರದಿ ನೋಡಿದ ಡಾಕ್ಟರು ಮಾಂಸ, ಎಣ್ಣೆ ಎರಡನ್ನೂ ಕಡಿಮೆ ಮಾಡಲು ಹೇಳಿದ್ದರಿಂದಲೇ ನಮ್ಮ ಮನೆಯಲ್ಲಿ ಈ ಹುಲ್ಲು ಶುರುವಾದದ್ದು. ಗಂಡ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಗ ನಮ್ಮನ್ನು ಕಾಪಾಡಿದವರು ಅತ್ತೆ. ಕೆಸುವಿನೆಲೆ, ಎಳೆಬಿದಿರಿನ ಕಣಿಲೆ, ಮಳೆಗಾಲದ ಅಣಬೆ, ಬಾಳೆದಿಂಡು, ಕಾಡುಮಾವಿನ ಗೊಜ್ಜು ಎಲ್ಲ ಅವರ ಕೈಯಲ್ಲೇ ಇತ್ತು. ಹಂದಿಯ ವಾಸನೆಯ ಮುಂದೆ ನಾವು ಅವನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ, ಅಷ್ಟೆ.

ಬ್ಲಾಗ್ ನನ್ನದು, ಅಡುಗೆ ಅತ್ತೆಯದು ಎಂದರೆ ಸುಳ್ಳಲ್ಲ. ಸುಂಟಿಕೊಪ್ಪದ ಹತ್ತಿರದ ನಮ್ಮ ಅಡುಗೆಮನೆಯಲ್ಲಿ ಅವರು ಮಾಡುತ್ತಾ ಹೇಳುತ್ತಿದ್ದರು, ನಾನು ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಅಳತೆ ಕೇಳಿದರೆ "ಕೈಗೆ ಗೊತ್ತುಟ್ಟು" ಎನ್ನುವರು. ಕೈಗೆ ಗೊತ್ತಿರುವುದು ಓದುವವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಅವರು ಪಾತ್ರೆಗೆ ಹಾಕಲು ಕೈ ಎತ್ತಿದಾಗಲೆಲ್ಲ ನಾನು ಅಡ್ಡ ಬಟ್ಟಲು ಹಿಡಿದು, ಆ ಹಿಡಿಯನ್ನು ತೂಕ ಮಾಡಿ, ಮತ್ತೆ ಅವರ ಕೈಗೇ ಕೊಡುತ್ತಿದ್ದೆ. ಒಮ್ಮೆ ಕಾಯಿತುರಿ ತೂಕ ಮಾಡುವಷ್ಟರಲ್ಲಿ ಒಗ್ಗರಣೆ ಸೀದುಹೋಯಿತು. "ನಿನ್ನ ಕಂಪ್ಯೂಟರ್‌ಗೆ ಹೇಳ್, ಈಗ ಹೊತ್ತಿದ ವಾಸ್ನೆ ಎಷ್ಟು ಚಮಚ ಉಟ್ಟುತ" ಎಂದು ಅತ್ತೆ ಬೈದರು.

ನಂತರ ನನ್ನ ಕೆಲಸ. ಆರೋಗ್ಯದ ಬ್ಲಾಗ್ ಎಂದ ಮೇಲೆ ಎಣ್ಣೆ ಅರ್ಧ ಮಾಡಿ, ಬೆಲ್ಲ ಕಡಿಮೆ ಮಾಡಿ, ಮೂರು ಸಲ ಮಾಡಿ ರುಚಿ ಕೆಡದ ಜಾಗ ಹುಡುಕಬೇಕು. ಫೋಟೋ ತೆಗೆಯಲು ಕಿಟಕಿಯ ಬಳಿ ಒಂಬತ್ತು ಗಂಟೆಯ ಬೆಳಕಿಗೆ ಕಾಯಬೇಕು. ಆಮೇಲೆ ಅತ್ತೆಯ ಅರ್ಧ ಗಂಟೆಯ ಮಾತನ್ನು ಎಂಟು ಸಾಲಿಗೆ ಇಳಿಸಬೇಕು. ಈ ಕೊನೆಯದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೇ ಇತ್ತು. ಅತ್ತೆ ಕಣಿಲೆ ಹೆಚ್ಚುವ ಮಾತಿನ ನಡುವೆ ತಮ್ಮ ಮದುವೆಗೆ ಬಂದವರನ್ನೂ, ಆನೆ ನುಗ್ಗಿದ ವರ್ಷವನ್ನೂ, ತೋಟದ ಕೆಲಸದವರ ಲೈನ್ ಮನೆಯಲ್ಲಿ ಯಾರಿಗೋ ಆದ ಹೆರಿಗೆಯನ್ನೂ ತರುವರು. ನಾನು ಅದನ್ನೆಲ್ಲ ಕತ್ತರಿಸಿ ಎಸೆದು ಅಡುಗೆಯನ್ನು ಮಾತ್ರ ಉಳಿಸುತ್ತಿದ್ದೆ. ಬರವಣಿಗೆ ಎಂದರೆ ಬಿಡುವುದು ಎಂದು ಯಾರಾದರೂ ಕೇಳಿದರೆ ಹೇಳುತ್ತಲೂ ಇದ್ದೆ. ಆಗ ನನ್ನ ಧಿಮಾಕು ಸ್ವಲ್ಪ ಜಾಸ್ತಿಯೇ ಇತ್ತು.

ಜೋರು ಮಳೆಯ ಜುಲೈ-ಆಗಸ್ಟಿನಲ್ಲಿ ಬರುವ ಆಟಿ ತಿಂಗಳ ಹದಿನೆಂಟನೆಯ ದಿನ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಬೇಲಿ ಬದಿಯಲ್ಲಿ ಬೆಳೆಯುವ ಆ ಗಿಡಕ್ಕೆ ಅಂದು ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂಬ ನಂಬಿಕೆ. ದಂಟು ಸಮೇತ ಕುದಿಸಿ ಸೋಸಿದರೆ ನೀರು ಕಡುನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿದರೆ ಪಾಯಸ. ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಕೆಂಪು ಬಂದರೆ ಮದ್ದು ಮೈಗೆ ಹಿಡಿಯಿತು ಎಂದು ಹಿರಿಯರು ಸಂತೋಷಪಡುತ್ತಾರೆ.

ಎರಡು ವರ್ಷದ ಹಿಂದೆ, ಆ ದಿನಕ್ಕೆ ವಾರ ಮೊದಲೇ ಅತ್ತೆಯಿಂದ ಒಮ್ಮೆ ಮಾಡಿಸಿ, ಆ ಪಾಯಸದ ಬಗ್ಗೆ ಬರೆದೆ. ಫೋಟೋದಲ್ಲಿ ನೇರಳೆ ಬಣ್ಣ ಕಪ್ಪಾಗಿ ಕಾಣುತ್ತದೆಂದು ಬಿಳಿ ತಟ್ಟೆಯ ಮೇಲೆ ಬಿಳಿ ಬಟ್ಟಲಿಟ್ಟು ಹನ್ನೆರಡು ಸಲ ತೆಗೆದೆ. ಬರಹ ಹಿಂದೆಂದಿಗಿಂತ ಚೊಕ್ಕಟವಾಗಿ ಬಂತು. ಮೈಸೂರಿನ ಓದುಗರೊಬ್ಬರು, ನನ್ನ ಬ್ಲಾಗನ್ನು ಮೊದಲಿನಿಂದ ಓದುತ್ತಿದ್ದವರು, ಆ ಸೊಪ್ಪು ನಮಗೆಲ್ಲಿ ಸಿಗಬೇಕು ಎಂದು ಬರೆದರು. ಅವರ ಗಂಡನಿಗೆ ಕೆಲವು ತಿಂಗಳ ಹಿಂದೆ ಕಿಡ್ನಿಯ ಆಪರೇಷನ್ ಆಗಿತ್ತು, ಪಥ್ಯದ ಊಟಕ್ಕೆ ನನ್ನ ಬರಹಗಳೇ ಆಧಾರ ಎಂದೂ ಹೇಳಿದ್ದರು. ನಾನು ಉಬ್ಬಿ ಹೋದೆ. ಹದಿನೆಂಟರ ಬೆಳಿಗ್ಗೆ ನಾನೇ ಒಂದು ಕಟ್ಟು ಸೊಪ್ಪು ಕೊಯ್ದು ಬಾಳೆಲೆಯಲ್ಲಿ ಸುತ್ತಿ ಮೈಸೂರಿನ ಬಸ್ಸಿಗೆ ಕೊಟ್ಟು ಬಂದೆ. ಅಂಥ ಕಾಯಿಲೆಯವರಿಗೆ ಕೊಡಬಹುದೇ ಎಂದು ನಾನೂ ಯೋಚಿಸಲಿಲ್ಲ, ಡಾಕ್ಟರನ್ನು ಕೇಳಿ ಎಂದೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಅವರ ಫೋನ್ ಬಂತು. ಬೆಳಿಗ್ಗೆ ಗಂಡನಿಗೆ ಮೂತ್ರ ಕೆಂಪಗೆ ಹೋಗಿತ್ತು. ಹಾಗಾದರೆ ಒಂದು ಕ್ಷಣವೂ ತಡಮಾಡದೆ ಬನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಆಸ್ಪತ್ರೆಗೆ ಓಡಿದ್ದರು. ಗಾಬರಿಯಲ್ಲಿ ತನಗೂ ಹಾಗೇ ಆಗಿದ್ದನ್ನು ಅವರು ಗಮನಿಸಿಯೇ ಇರಲಿಲ್ಲ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಕೊನೆಗೆ ನಮ್ಮ ಕೊಡಗಿನ ಸಿದ್ದಾಪುರದ ಕಡೆಯ ಒಬ್ಬ ನರ್ಸ್ ಬಂದು ನೋಡಿ, "ನಿನ್ನೆ ಆಟಿ ಪಾಯಸ ಏನಾದ್ರೂ ತಿಂದಿದ್ರಾ?" ಎಂದು ಕೇಳಿ ನಕ್ಕಳಂತೆ.

"ಅವಳು ನಕ್ಕಳು, ನನಗೆ ನಗು ಬರಲಿಲ್ಲ" ಎಂದರು ಅವರು. "ನಾಲ್ಕು ಗಂಟೆ ಇವರು ಉಳಿಯೋದಿಲ್ಲ ಅಂದುಕೊಂಡು ಕೂತಿದ್ದೆ. ಇಷ್ಟೆಲ್ಲಾ ಬರೆದವರು ಅದೊಂದು ಸಾಲು ಯಾಕೆ ಬರೀಲಿಲ್ಲ?"

ನನಗೆ ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಗೊತ್ತಿತ್ತು. ನಮ್ಮೂರವರು ಪರಸ್ಪರ ಹೇಳಿಕೊಳ್ಳಬೇಕಾದ ಸಂಗತಿಯೇ ಅದಲ್ಲ, ಅದಕ್ಕೇ ಬರೆಯಬೇಕೆಂದು ಹೊಳೆಯಲಿಲ್ಲ. ಅಷ್ಟನ್ನೇ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಅತ್ತೆ ಹೇಳಿದ ಹಾಗೇ ಬರ್ದೆ. ವಯಸ್ಸಾಯ್ತು ನೋಡಿ, ಅದೊಂದು ಹೇಳೋಕೆ ಮರ್ತಿದಾರೆ." ಸಾಲದ್ದಕ್ಕೆ ಸಂಜೆ ಬ್ಲಾಗಿನಲ್ಲೂ ತಿದ್ದುಪಡಿ ಹಾಕಿ ಅದೇ ಮಾತು ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲದ ಬದಲು ಅತ್ತೆಯನ್ನು ತೋರಿಸಿದೆ.

ಅತ್ತೆ ಬ್ಲಾಗ್ ಓದುವುದಿಲ್ಲ, ಆದರೆ ನೆಂಟರು ಓದುತ್ತಾರೆ. ಅದಾಗಿ ಸ್ವಲ್ಪ ದಿನಕ್ಕೆ ಗೋಣಿಕೊಪ್ಪಲಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಗಂಡನ ಸೋದರತ್ತೆ ಎಲ್ಲರಿಗೂ ಕೇಳುವಂತೆ, "ಎಂತ ಅತ್ತಿಗೆ, ಮರೆವು ಬಂದುಟ್ಟುತಲ್ಲ? ಮೈಸೂರ್‌ನವ್ರನ್ನ ಆಸ್ಪತ್ರೆಗೆ ಕಳ್ಸಿದರ್ತೆ!" ಎಂದರು. ಪಂಕ್ತಿ ನಕ್ಕಿತು. ಅತ್ತೆಯೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಸಂಕಟ ನಾನು ಅವರ ಮುಖದಲ್ಲಿ ಕಂಡೆ, ಕಂಡೂ ಬಡಿಸಿದ ಪಲ್ಯದ ಕಡೆ ನೋಡಿದೆ.

ಅಲ್ಲಿಂದ ಬಂದ ಮೇಲೆ ಅತ್ತೆ ಹೇಳುವುದನ್ನು ಬಿಟ್ಟರು. ಫೋನ್ ಒರಗಿಸಿಟ್ಟರೆ, "ನಂಗೆ ಸರಿ ನೆಂಪಿಲ್ಲೆ, ನೀನೇ ನೋಡಿಕ" ಎನ್ನುವರು. ಗ್ಯಾಸ್ ಆರಿಸಿ ಹೊರಗೆ ಹೋದವರು ಮತ್ತೆ ಬಂದು ಮುಟ್ಟಿ ನೋಡುವರು. ಸಾರಿಗೆ ಉಪ್ಪು ಹಾಕಿದೆನಾ ಎಂದು ನನ್ನನ್ನು ಕೇಳುವರು. ಐವತ್ತು ವರ್ಷ ಆ ಒಲೆಯ ಮುಂದೆ ನಿಂತವರು! ಗಂಡ ಒಳ್ಳೆಯ ಡಾಕ್ಟರಿಗೆ ತೋರಿಸೋಣವಾ ಎಂದರು. ನಾನು ಸುಮ್ಮನಿದ್ದೆ. ನಾಚಿಕೆಗೆಟ್ಟ ಮೌನ ಅದು, ಬೇರೆ ಹೆಸರು ಅದಕ್ಕಿಲ್ಲ.

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬ್ಲಾಗಿಗೆ ಹೊಸದೇನೂ ಇರಲಿಲ್ಲ. ಹಳೆಯ ರೆಕಾರ್ಡುಗಳಲ್ಲಿ ಏನಾದರೂ ಉಳಿದಿದೆಯೇ ಎಂದು ಒಂದು ಮಧ್ಯಾಹ್ನ ಕೇಳುತ್ತಾ ಕೂತೆ. ಮದ್ದುಸೊಪ್ಪಿನ ಪಾಯಸದ್ದೂ ಬಂತು. ಸೊಪ್ಪು ಕುದಿಯುವ ಸದ್ದು, ಅದರ ಮೇಲೆ ಅತ್ತೆಯ ಸ್ವರ: "ಮಾರನೆ ದಿನ ಉಚ್ಚೆ ಕೆಂಪು ಬಂದದೆ, ಹೆದ್ರಿಕೆ ಬೇಡ. ಹೊಸಬ್ರಿಗೆ ಮೊದ್ಲೇ ಹೇಳೊಕು. ನನ್ನ ಮದುವೆ ಆದ ವರ್ಷ ಯಾರೂ ಹೇಳದೆ ನಾ ಬಚ್ಚಲಲ್ಲಿ ಕೂತು ಕಣ್ಣೀರು ಹಾಕಿ ಮರ್ಡಿದೆ..." ಅಷ್ಟರಲ್ಲಿ ನನ್ನದೇ ಸ್ವರ, ಅವಸರದಲ್ಲಿ: "ಅಯ್ಯೋ, ಅದೆಲ್ಲಾ ಬೇಡ ಅತ್ತೆ. ಬೆಲ್ಲ ಎಷ್ಟು, ಅದು ಹೇಳಿ."

ನಾನು ಮತ್ತೆ ಕೇಳಲಿಲ್ಲ.

ಮೊದಲು ಮೈಸೂರಿನವರಿಗೆ ಬರೆದೆ, ಏಕೆಂದರೆ ದೂರದವರಿಗೆ ತಪ್ಪೊಪ್ಪಿಕೊಳ್ಳುವುದು ಸುಲಭ. ಅತ್ತೆ ಹೇಳಿದ್ದರು, ಕತ್ತರಿಸಿದವಳು ನಾನು, ನಿಮಗೆ ಹೇಳಿದ್ದು ಸುಳ್ಳು ಎಂದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ನನಗೆ ಹೇಳಿದ್ದು ಒಳ್ಳೆಯದಾಯಿತು. ಅವರಿಗೆ ಹೇಳಿದಿರಾ?"

ಅತ್ತೆ ಹಿಂದಿನ ಜಗಲಿಯಲ್ಲಿ ಕಾಳುಮೆಣಸು ಕೇರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಏನೂ ಪೀಠಿಕೆ ಹಾಕದೆ ರೆಕಾರ್ಡ್ ಹಾಕಿದೆ. ಮೊರ ನಿಂತಿತು. ಮುಗಿದ ಮೇಲೆ, "ಇನ್ನೊಮ್ಮೆ ಹಾಕ್" ಎಂದರು. ಹಾಕಿದೆ. ಮತ್ತೊಮ್ಮೆ ಎಂದರು. ಮೂರನೆಯ ಸಲ ತಮ್ಮ ಮಾತಿನ ಜೊತೆಗೆ ತಾವೂ ತುಟಿ ಅಲ್ಲಾಡಿಸಿದರು.

"ಹಂಗಾರೆ ನಾ ಮರ್ತಿತ್‌ಲೆ" ಎಂದರು.

"ಇಲ್ಲ ಅತ್ತೆ, ನೀವು ಮರ್ತಿರಲಿಲ್ಲ. ನಾನು ನನ್ನ ತಪ್ಪನ್ನ ನಿಮ್ಮ ಮೇಲೆ ಹಾಕಿದೆ. ನನ್ನ ಮರ್ಯಾದೆ ಉಳಿಸಿಕೊಳ್ಳೋಕೆ."

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೆಣಸಿನಲ್ಲಿದ್ದ ಕಡ್ಡಿಯೊಂದನ್ನು ಆರಿಸಿ ಆಚೆ ಎಸೆದರು.

"ದಿನಾ ಬೊಳ್ಪಿಗೆ ಎದ್ದ ಕೂಡ್ಲೆ ಮಕ್ಕಳ, ಮೊಮ್ಮಕ್ಕಳ ಹೆಸ್ರು ಒಂದೊಂದೇ ಹೇಳಿ ನೋಡ್ತಿದ್ದೆ" ಎಂದರು. "ನಿನ್ನ ಹೆಸ್ರು ಎಲ್ಲರಿಗಿಂತ ಮೊದ್ಲು. ಬೇರೆಯವ್ರದ್ದು ಮರ್ತರೆ ನಿನ್ನ ಕೇಳಿರೆ ಆತ್. ನಿಂದೇ ಮರ್ತರೆ ನಾ ಯಾರ್‌ನ ಕೇಳ್ದು?"