ಟವೆಲ್ಲಿನ ಕೆಳಗಿನ ಮತ

ನಮ್ಮ ಮನೆಯಲ್ಲಿ ಲೋಕಸಭೆಗೆ ಯಾರಿಗೆ ಮತ ಹಾಕಬೇಕು ಎಂಬುದು ಬಹಳ ವರ್ಷ ಒಂದು ಟವೆಲ್ಲಿನ ಕೆಳಗೆ ತೀರ್ಮಾನವಾಗುತ್ತಿತ್ತು. ಉತ್ಪ್ರೇಕ್ಷೆಯಲ್ಲ. ನನ್ನ ಮಾವ ವಿಜಯಪುರದ ಕಡೆಯಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ದಲಾಲಿ ಮಾಡಿದವರು. ಅವರ ಕಾಲದಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿ, ಬೆರಳು ಒತ್ತಿ ದರ ತಿಳಿಸುತ್ತಿದ್ದರು. ಒಪ್ಪದವನು ತನ್ನ ದರವನ್ನು ತಿರುಗಿ ಒತ್ತುತ್ತಿದ್ದ. ಒಪ್ಪಿ ಕೈ ಅದುಮಿದರೆ ಮುಗಿಯಿತು, ಆಮೇಲೆ ಮಾತಿಗೆ ತಪ್ಪುವಂತಿರಲಿಲ್ಲ.

ಅಂಗಡಿಗೆ ಎಲ್ಲ ಪಕ್ಷದವರೂ ಗಿರಾಕಿಗಳು. ಹಾಗಾಗಿ ಮಾವ ಯಾವ ಹೆಸರನ್ನೂ ಬಾಯಿಗೆ ತರುತ್ತಿರಲಿಲ್ಲ. ಮತದಾನದ ದಿನ ಬೆಳಿಗ್ಗೆ ಸ್ನಾನ ಮುಗಿಸಿ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಕೂರುವರು. ಮೊದಲು ನನ್ನ ಗಂಡ, ಆಮೇಲೆ ನಾನು. ಉಮೇದುವಾರರ ಪಟ್ಟಿಯಲ್ಲಿ ಹೆಸರಿನ ಪಕ್ಕದ ಸಂಖ್ಯೆ ಎಷ್ಟೋ ಅಷ್ಟು ಬೆರಳು ಒತ್ತುವರು. ದೊಡ್ಡ ಪಕ್ಷದವರು ಪಟ್ಟಿಯ ಮೇಲ್ಗಡೆಯೇ ಇರುತ್ತಿದ್ದರಿಂದ ಒಂದು ಕೈ ಸಾಕಾಗುತ್ತಿತ್ತು. ನಾವು ಒಪ್ಪಿ ಕೈ ಅದುಮಿ ಮತಗಟ್ಟೆಗೆ ಹೊರಡುತ್ತಿದ್ದೆವು. ನಾನು ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದವಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಯೋಚಿಸುವ ಕೆಲಸ ಬೇರೆಯವರು ಮಾಡಿದರೆ ಎಷ್ಟು ಆರಾಮ!

ಈಗ ನಾವಿರುವುದು ಪುಣೆಯದೇ ಖರಾಡಿ ಬಡಾವಣೆಯಲ್ಲಿ. ನಮ್ಮ ಹೌಸಿಂಗ್ ಸೊಸೈಟಿಯ ಪಕ್ಕದಲ್ಲಿ ಎರಡು ವರ್ಷದಿಂದ ಒಂದು ಕಟ್ಟಡ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವ ಹೆಂಗಸೊಬ್ಬಳು ಯಾದಗಿರಿ ಕಡೆಯವಳು. ನೀರು ಕೇಳಲು ಬಂದವಳು ನನ್ನ ಬಾಯಲ್ಲಿ ಕನ್ನಡ ಕೇಳಿ ಅಲ್ಲೇ ಕೂತುಬಿಟ್ಟಳು. ಒಮ್ಮೆ ಊರಿಂದ ಬಂದಾಗ ಅವಳ ಕಾಲು ಬಾತಿದ್ದವು.

"ರಾತ್ರಿಯೆಲ್ಲಾ ನಿಂತs ಬಂದೀನ್ರಿ ಅಕ್ಕಾರ. ಜನರಲ್ ಡಬ್ಬ್ಯಾಗ ಕಾಲ ಇಡಾಕ ಜಾಗ ಇರಂಗಿಲ್ಲ."

ಚುನಾವಣೆ ಹತ್ತಿರವಾದಾಗ ಇಬ್ಬರು ಉಮೇದುವಾರರು, ಎರಡು ಬೇರೆ ಬೇರೆ ದಿನ, ನಮ್ಮ ಸೊಸೈಟಿಗೆ ಬಂದರು. ಇಬ್ಬರಿಗೂ ನಾನು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ: ನಮ್ಮ ಕಡೆಯ ರೈಲಿಗೆ ಇನ್ನೊಂದು ಜನರಲ್ ಡಬ್ಬಿ ಹಾಕಿಸುತ್ತೀರಾ? ಮೊದಲನೆಯವರು ಪ್ರಶ್ನೆ ಮುಗಿಯುವ ಮೊದಲೇ "ಶಂಭರ್ ಟಕ್ಕೆ!" ಎಂದರು. ನೂರಕ್ಕೆ ನೂರು ಆಗುತ್ತದಂತೆ. ಚಪ್ಪಾಳೆ ಬಿತ್ತು. ಎರಡನೆಯವರು ತಲೆ ಕೆರೆದುಕೊಂಡು, ಇದು ತಮಗೆ ಗೊತ್ತಿಲ್ಲ ಎಂದು ಹೇಳಿ, ನನ್ನ ಫೋನ್ ನಂಬರನ್ನು ತಾವೇ ಬರೆದುಕೊಂಡರು. ಜನ ನಕ್ಕರು. ವಾರ ಕಳೆದ ಮೇಲೆ ಫೋನ್ ಬಂತು. ವಿಚಾರಿಸಿದ್ದೇನೆ, ಸದ್ಯಕ್ಕೆ ಕಷ್ಟ, ಗೆದ್ದರೆ ಬೆನ್ನು ಹತ್ತುತ್ತೇನೆ, ಆಗಿಯೇ ಆಗುತ್ತದೆಂದು ಹೇಳಲಾರೆ ಎಂದರು. ಆಗುವುದಿಲ್ಲ ಎನ್ನಲು ಫೋನ್ ಮಾಡಿದ ರಾಜಕಾರಣಿಯನ್ನು ನಾನು ಅದೇ ಮೊದಲು ಕಂಡದ್ದು. ಒಲೆಯ ಮೇಲಿನ ಹಾಲು ಉಕ್ಕಿಹೋಯಿತು, ಬೈದುಕೊಳ್ಳಲೂ ಮನಸ್ಸಾಗಲಿಲ್ಲ. ನನ್ನ ಮತ ಅಲ್ಲೇ ಗಟ್ಟಿಯಾಯಿತು.

ಮತದಾನದ ಬೆಳಿಗ್ಗೆ ಮಾವ ಎಂದಿನಂತೆ ಟವೆಲ್ ಹಾಸಿ ಕೂತರು. ಎಂಬತ್ತು ದಾಟಿದ ಕೈ, ಆದರೂ ಹಿಡಿತ ಗಟ್ಟಿ. ಗಂಡ ತಮ್ಮ ಸಂಖ್ಯೆ ಪಡೆದು ಎದ್ದರು. ನನ್ನ ಸರದಿ ಬಂತು. ಮಾವ ಒತ್ತಿದ್ದು ಚಪ್ಪಾಳೆ ಗಿಟ್ಟಿಸಿದವರ ಸಂಖ್ಯೆ. ಎಷ್ಟು ಬೆರಳು ಎಂದು ಇಲ್ಲಿ ಬರೆಯುವುದಿಲ್ಲ.

ಸುಮ್ಮನೆ ಕೈ ಅದುಮಿ, ಮತಗಟ್ಟೆಯಲ್ಲಿ ನನಗೆ ಬೇಕಾದ ಗುಂಡಿ ಒತ್ತಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಟವೆಲ್ಲಿನ ಕೆಳಗೆ ಒಪ್ಪಿ ತಪ್ಪುವುದು ಆ ಮನುಷ್ಯನಿಗೆ ಮಾಡುವ ಮೋಸ. ತವರಿಗಿಂತ ಹೆಚ್ಚು ಅಕ್ಕರೆ ಕೊಟ್ಟವರು. ನಾನು ತಿರುಗಿ ನನ್ನ ಸಂಖ್ಯೆ ಒತ್ತಿದೆ.

ಮಾವ ಕಣ್ಣರಳಿಸಿದರು. ಮತ್ತೆ ತಮ್ಮದನ್ನೇ, ಇನ್ನೂ ಗಟ್ಟಿಯಾಗಿ ಒತ್ತಿದರು. ನಾನೂ ಬಿಡಲಿಲ್ಲ.

"ಯಾಕವಾ?" ಎಂದರು. ಆ ಟವೆಲ್ಲಿನ ಹತ್ತಿರ ಒಂದು ಮಾತು ಕೇಳಿಬಂದದ್ದು ಅದೇ ಮೊದಲು.

ಬಾತ ಕಾಲಿನಿಂದ ಹಿಡಿದು ಉಕ್ಕಿದ ಹಾಲಿನವರೆಗೆ ಎಲ್ಲ ಹೇಳಿದೆ. ನನ್ನ ಗಂಡ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತಿದ್ದರು.

"ಮಾಲಿನ ಐಬು ತಾನs ಹೇಳಿ ಮಾರಾಂವ," ಎಂದರು ಮಾವ. "ಅಂಥಾವರು ನನಗ ಯಾರ್ಡಿನ್ಯಾಗ ಇಬ್ಬರs ಸಿಕ್ಕಿದ್ರು."

"ಹಂಗಾರ ಒಪ್ಪಿದ್ರಿ?"

"ಇಲ್ಲ. ನನ್ನ ದರ ನನಗ. ವ್ಯವಹಾರ ಕುದರಲಿಲ್ಲ, ಚಾ ಮಾಡು."

ಯಾರ್ಡಿನಲ್ಲಿ ವ್ಯವಹಾರ ಮುರಿದರೂ ಇಬ್ಬರೂ ಕೂಡಿ ಚಹಾ ಕುಡಿದೇ ಏಳುತ್ತಿದ್ದರಂತೆ. ನಾವೂ ಕುಡಿದೆವು. ನನಗೆ ಆಗ ಎಷ್ಟು ಹಗುರಾಯಿತೆಂದರೆ ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂಬುದೂ ತಿಳಿಯಲಿಲ್ಲ. ಅವರೂ ಹೇಳಲಿಲ್ಲ.

ಮತಗಟ್ಟೆಯಲ್ಲಿ ಮೂವರೂ ಸರದಿಯಲ್ಲಿ ನಿಂತಾಗ ಗಂಡ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು, "ಎಷ್ಟ ಬೆರಳು?" ಎಂದರು.

"ಟವೆಲ್ ತಂದೀರೇನು?" ಎಂದೆ.

ಅವರು ಯಾರಿಗೆ ಹಾಕಿದರೋ ಈವರೆಗೂ ನಾನು ಕೇಳಿಲ್ಲ. ಒಳಗೆ ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ದರು.

ಹಿಂತಿರುಗುವಾಗ ಆಟೋದಲ್ಲಿ ಮಾವ ಶಾಯಿ ಹಚ್ಚಿದ ನನ್ನ ಬೆರಳನ್ನು ಹಿಡಿದುಕೊಂಡರು, ಟವೆಲ್ ಇಲ್ಲದೆ.

"ಮುಂದಿನ ಸಲ ನಾ ಇದ್ರ, ಯಾರಿಗೆ ಅಂತ ನಾ ಹೇಳಂಗಿಲ್ಲ, ನೀನೂ ಹೇಳಬ್ಯಾಡ. ಯಾಕ ಅನ್ನೂದಷ್ಟ ಹೇಳು. ನಾನೂ ಹೇಳ್ತೀನಿ."